ಡ್ರೈವರ್ ಯಾರ ಸ್ವತ್ತು?

ನಾರಾಯಣಪುರದ ಒಬ್ಬ ಕಿರಾಣಿ ವ್ಯಾಪಾರಿಯನ್ನು ಕಲ್ಪಿಸಿಕೊಳ್ಳೋಣ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪನಿಯ ಸಾಮಾನ್ಯ ಬೆಂಬಲ ನಿಂತಿತು. ಅಂಗಡಿಯ ಹಳೆಯ ಕಂಪ್ಯೂಟರಿಗೆ ಹೊಸ ವಿಂಡೋಸ್ ಒಗ್ಗದು. ಹೊಸ ಕಂಪ್ಯೂಟರಿಗೆ ಹಣವಿಲ್ಲ. ಬಲ್ಲವರ ಮಾತು ಕೇಳಿ ಆತ ಲಿನಕ್ಸ್ ಹಾಕಿಸುತ್ತಾನೆ. ಹುಮನಾಬಾದಿನ ಪೇಟೆಯಿಂದ ಅಗ್ಗದ ವೈಫೈ ಸಾಧನವೊಂದನ್ನು ತರುತ್ತಾನೆ. ಜೊತೆಗೆ ಬಂದ ಸಿಡಿಯಿಂದ ಡ್ರೈವರ್ ಹಾಕಿದರೆ ಒಂದು ತಿಂಗಳು ಕೆಲಸ ನಡೆಯುತ್ತದೆ. ಕರ್ನೆಲ್ ನವೀಕರಣವಾದ ಮರುದಿನವೇ ವೈಫೈ ನಿಂತುಹೋಗುತ್ತದೆ. ತಪ್ಪು ಯಾರದು?

ವ್ಯಾಪಾರಿಯದಲ್ಲ, ಲಿನಕ್ಸಿನದೂ ಅಲ್ಲವೆಂಬುದು ನಮ್ಮ ಅಭಿಪ್ರಾಯ. ಕರ್ನೆಲ್ ಎಂದರೆ ಯಂತ್ರದ ಎಲ್ಲ ಭಾಗಗಳನ್ನು ದುಡಿಸುವ ಮೂಲ ತಂತ್ರಾಂಶ. ಡ್ರೈವರ್ ಎಂಬುದು ಒಂದೊಂದು ಭಾಗವನ್ನು ಅದಕ್ಕೆ ಜೋಡಿಸುವ ಕೊಂಡಿ. ಕರ್ನೆಲಿನ ಒಳಗಟ್ಟು ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತದೆ. ಒಂದು ಆವೃತ್ತಿಗೆ ಕಟ್ಟಿದ ಕೊಂಡಿ ಇನ್ನೊಂದಕ್ಕೆ ಸಾಮಾನ್ಯವಾಗಿ ಕೂರದು. ಗಿರಣಿಯ ಯಂತ್ರ ಬದಲಾದಾಗ ಹಳೆಯ ಹಲ್ಲುಚಕ್ರ ಕೂರುವುದಿಲ್ಲವೆಂದು ನಮ್ಮ ಕಾಮಗಾರರಿಗೆ ಬೇರೆ ಹೇಳಬೇಕೆ?

ಇದಕ್ಕೆ ಮದ್ದು ಇಲ್ಲದಿಲ್ಲ. ಡ್ರೈವರಿನ ಮೂಲ ಬರಹವನ್ನು ಕರ್ನೆಲಿಗೇ ಸೇರಿಸುವುದು ಉತ್ತಮ ಮಾರ್ಗ. ಆಗ ಕರ್ನೆಲ್ ಬೆಳೆದಂತೆ ಅದೂ ತಿದ್ದಲ್ಪಡುತ್ತದೆ. ಅದಾಗುವವರೆಗೆ ಡೆಬಿಯನ್, ಉಬುಂಟು ಮೊದಲಾದ ವಿತರಣೆಗಳ ಸಾರ್ವಜನಿಕ ಭಂಡಾರದಲ್ಲಿ ಅದನ್ನು ಪ್ಯಾಕೇಜಾಗಿ ಇಡಬೇಕು. 2003ರ ಸುಮಾರಿಗೆ ಡೆಲ್ ಕಂಪನಿಯ ಇಂಜಿನಿಯರುಗಳು ರೂಪಿಸಿದ ಡಿಕೆಎಂಎಸ್ ಎಂಬ ಉಪಕರಣ, ಹೊಸ ಕರ್ನೆಲ್ ಬಂದಾಗಲೆಲ್ಲ ಮೂಲ ಬರಹದಿಂದ ಡ್ರೈವರನ್ನು ತಾನೇ ಮತ್ತೆ ಕಟ್ಟಲು ಯತ್ನಿಸುತ್ತದೆ. ಭಂಡಾರದ ಸರಕಿಗೆ ಡಿಜಿಟಲ್ ಸಹಿಯ ಕಾವಲಿದೆ. ನಡುದಾರಿಯಲ್ಲಿ ಕಲಬೆರಕೆಯಾದರೆ ಗಣಕ ಅದನ್ನು ತಿರಸ್ಕರಿಸುತ್ತದೆ. ಎಲ್ಲಿಂದಲೋ ತಂದ ಡ್ರೈವರಿಗೆ ಈ ಕಾವಲಿಲ್ಲ, ಆದರೆ ಇಡೀ ಯಂತ್ರದ ಬೀಗದ ಕೈ ಅದರ ಕೈಗೆ ಸಿಗುತ್ತದೆ.

ಇಲ್ಲಿ ಒಂದು ಮಾತನ್ನು ಮುಚ್ಚಿಡಲಾರೆವು. ಭಂಡಾರದ ದಾರಿ ನಿಧಾನ. 1993ರಲ್ಲಿ ಆರಂಭವಾದ ಡೆಬಿಯನ್ನಿನ ಸ್ಥಿರ ಆವೃತ್ತಿ ಹೊರಬೀಳುವುದು ಸುಮಾರು ಎರಡು ವರ್ಷಕ್ಕೊಮ್ಮೆ. ಮೇಲಾಗಿ ಅಲ್ಲಿ ಪ್ಯಾಕೇಜು ಕಟ್ಟಿ ಕಾಯುವವರಲ್ಲಿ ಅನೇಕರು ಸಂಬಳವಿಲ್ಲದ ಸ್ವಯಂಸೇವಕರು. ಸಾಧನ ಮಾರಿದ ಲಾಭ ತಯಾರಕನಿಗೆ, ಅದನ್ನು ನಡೆಸುವ ದುಡಿಮೆ ಪುಕ್ಕಟೆ! ಇದು ಯಾವ ನ್ಯಾಯ? ಸಾಧನ ಮಾರುವ ಕಂಪನಿಯೇ ಜನರನ್ನು ಸಂಬಳಕ್ಕಿಟ್ಟು ಈ ಕೆಲಸ ಮಾಡಿಸತಕ್ಕದ್ದು.

ಸರ್ಕಾರ ಮನಸ್ಸು ಮಾಡಿದರೆ ದಾರಿಯಿದೆ. ಕೇರಳದ ಸರ್ಕಾರಿ ಶಾಲೆಗಳಲ್ಲಿ, ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಸೇರಿದಂತೆ, ಕಲಿಯುವುದು ಉಬುಂಟು ಆಧಾರಿತ ಕೈಟ್ ಗ್ನು/ಲಿನಕ್ಸಿನಲ್ಲಿ. ಸಾವಿರಾರು ಶಾಲೆಗಳಿಗೆ ಒಟ್ಟಾಗಿ ಕೊಳ್ಳುವವನ ಷರತ್ತನ್ನು ಮಾರುವವನು ಕೇಳಲೇಬೇಕು. ನಮ್ಮ ಪಂಚಾಯತಿಗಳೂ ಶಾಲೆಗಳೂ ಟೆಂಡರಿನಲ್ಲಿ ಒಂದೇ ಸಾಲು ಬರೆಯಲಿ: ಡ್ರೈವರ್ ಕರ್ನೆಲಿನಲ್ಲಿರಬೇಕು, ಇಲ್ಲವೇ ವಿತರಣೆಯ ಭಂಡಾರದಲ್ಲಿರಬೇಕು.

ವ್ಯಾಪಾರಿ ಮಿತ್ರರಲ್ಲಿಯೂ ನಮ್ಮದೊಂದು ವಿನಂತಿ. ತೊಗರಿಯನ್ನು ಮುಷ್ಟಿಯಲ್ಲಿ ಹಿಡಿದು ನೋಡದೆ ಕೊಳ್ಳುವವರು ನೀವಲ್ಲ. ಸಾಧನ ಕೊಳ್ಳುವ ಮುನ್ನವೂ ಹಾಗೆಯೇ ಕೇಳಿರಿ: 'ಇದರ ಡ್ರೈವರ್ ಭಂಡಾರದಲ್ಲಿದೆಯೇ?' ಇಲ್ಲವೆಂದರೆ ಮುಂದಿನ ಅಂಗಡಿಗೆ ನಡೆಯಿರಿ.