ಸೀರೆ ಹಳೇದು ಸರಿ, ಕೂಲಿಯೂ ಹಳೇದಾ?

ಹೋದ ತಿಂಗಳು ನಮ್ಮಲ್ಲಿ ಇಬ್ಬರು ಒಂದು ಕೌದಿ ತಲುಪಿಸಲು ಬೆಂಗಳೂರಿನ ಗಾಂಧಿ ಬಜಾರಿಗೆ ಹೋಗಿದ್ದೆವು. ಹೊಲಿದವರು ಹಾವೇರಿ ಕಡೆಯ ಹಳ್ಳಿಯ ಒಬ್ಬ ಅಕ್ಕ. ಆರ್ಡರ್ ಕೊಟ್ಟವರು ಗಾಂಧಿ ಬಜಾರಿನ ಹಿಂದಿನ ರಸ್ತೆಯ ಒಂದು ಮನೆಯವರು. ತೀರಿಹೋದ ತಾಯಿಯ ಐದು ಹತ್ತಿ ಸೀರೆ ಕಳಿಸಿ, 'ಇದರಲ್ಲಿ ಒಂದು ಕೌದಿ ಮಾಡಿಸಿಕೊಡಿ' ಅಂದಿದ್ದರು. ಫೋನಿನಲ್ಲೇ 1,500 ರೂಪಾಯಿ ಅಂತ ಮಾತಾಗಿತ್ತು.

ಗಂಟು ಬಿಚ್ಚಿದಾಗ ಆ ಮನೆಯವರ ಕಣ್ಣಲ್ಲಿ ನೀರು ಬಂತು. ಅಮ್ಮನ ಸೀರೆಯ ಅಂಚು ಎಲ್ಲೆಲ್ಲಿದೆ ಅಂತ ಹುಡುಕಿ ಹುಡುಕಿ ಸವರಿದರು. ಎಲ್ಲ ಆದ ಮೇಲೆ, 'ಸೀರೆ ನಮ್ಮದೇ ಅಲ್ವಾ, 1,200 ಮಾಡ್ಕೊಳ್ಳಿ' ಅಂದರು. ನಾವು ಎದುರು ಮಾತಾಡದೆ ತಗೊಂಡು ಬಂದೆವು.

ಊರಿಗೆ ಬಂದು ದುಡ್ಡು ಕೊಟ್ಟಾಗ ಅಕ್ಕ ಎರಡು ಸಲ ಎಣಿಸಿದರು. ಆಮೇಲೆ, 'ಸೀರಿ ಅವರವ ಅದಾವಲ್ರೀ, ಇರ್ಲಿ ಬಿಡ್ರಿ' ಅಂದರು.

ಈ 'ಇರ್ಲಿ ಬಿಡ್ರಿ' ಅನ್ನುವ ಮಾತಿನ ಮೇಲೆಯೇ ನಮ್ಮ ತಕರಾರು. ಮೊದಲ ತಪ್ಪು ನಮ್ಮದು. 1,500 ಅಂತ ಹೇಳಿದವರು ನಾವೇ. ಅಕ್ಕನನ್ನು ಕೇಳಲಿಲ್ಲ, ಗಂಟೆ ಎಣಿಸಲಿಲ್ಲ. ಸಿಟಿಯವರು ರೇಟ್ ಕೇಳಿ ಹಿಂದೆ ಸರಿಯಬಾರದು ಅಂತ ಅಂದಾಜಿನಲ್ಲಿ ಒಂದು ಅಂಕಿ ಎಸೆದೆವು. ಈಗ ಆ ಲೆಕ್ಕ ಹಾಕಿದ್ದೇವೆ. ನೀವೂ ಜೊತೆಗೆ ಹಾಕಿ.

ಕೌದಿ 5 ಅಡಿ ಅಗಲ, 7 ಅಡಿ ಉದ್ದ. ಅಂದರೆ 35 ಚದರ ಅಡಿ. ನಾಲ್ಕೈದು ಪದರ ಬಟ್ಟೆ, ಅರ್ಧ ಇಂಚಿಗೊಂದು ಸಾಲು ಹೊಲಿಗೆ. ಅಕ್ಕನ ಪಕ್ಕ ಕೂತು ಮೊಬೈಲಿನಲ್ಲಿ ಟೈಮ್ ಇಟ್ಟು ನೋಡಿದೆವು. ಒಂದು ಚದರ ಅಡಿಗೆ ಒಂದೂವರೆ ಗಂಟೆ. 35 ಚದರ ಅಡಿಗೆ 52 ಗಂಟೆ ದಾಟುತ್ತದೆ. ಸೀರೆ ಒಗೆಯುವುದು, ಹರಿದ ಭಾಗ ಕತ್ತರಿಸುವುದು, ಪದರ ಹಾಸುವುದು, ತೇಪೆ ಕೂಡಿಸುವುದು, ಅಂಚು ಮಡಿಸುವುದು ಸೇರಿದರೆ 64 ಗಂಟೆ. ದಿನಕ್ಕೆ 8 ಗಂಟೆಯಂತೆ ಪೂರಾ 8 ದಿನ.

ದಾರ, ಸೂಜಿ, ಬಣ್ಣದ ತೇಪೆ ಬಟ್ಟೆಗೆ 300 ರೂಪಾಯಿ ಹೋಗಿದೆ. 1,200ರಲ್ಲಿ ಅದನ್ನು ಕಳೆದರೆ ಉಳಿದದ್ದು 900. ಗಂಟೆಗೆ 14 ರೂಪಾಯಿ. ಗಾಂಧಿ ಬಜಾರಿನಲ್ಲಿ ಅಷ್ಟು ಹಿಡಿದುಕೊಂಡು ಹೋಟೆಲಿಗೆ ಹೋದರೆ ಒಂದು ಕಾಫಿ ಸಿಕ್ಕರೆ ಪುಣ್ಯ.

ಈಗ ಸರ್ಕಾರದ ಲೆಕ್ಕ ನೋಡಿ. ಕರ್ನಾಟಕದಲ್ಲಿ 2025-26ರಲ್ಲಿ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಅದು ಮಣ್ಣು ಹೊರುವ, ಕಾಲುವೆ ಹೂಳು ತೆಗೆಯುವ ಕೆಲಸಕ್ಕೆ. ಆ ದರ ಹಿಡಿದರೂ 8 ದಿನಕ್ಕೆ 2,960 ಆಗಬೇಕಿತ್ತು. ಮೂವತ್ತು ವರ್ಷ ಸೂಜಿ ಹಿಡಿದ ಕೈಗೆ ನಾವು ಕೊಡಿಸಿದ್ದು ಅದರ ಮೂರನೇ ಒಂದು ಪಾಲೂ ಅಲ್ಲ.

ಇದನ್ನು ಹೇಳಿದರೆ ಜನ ಮೂರು ಮಾತು ಮುಂದಿಡುತ್ತಾರೆ.

ಒಂದು, 'ಬಟ್ಟೆ ಹಳೇದು, ಅದೂ ನಮ್ಮದೇ.' ಸರಿ. ಬ್ಲೌಸ್ ಪೀಸ್ ನೀವೇ ಕೊಟ್ಟಿರಿ ಅಂತ ಟೈಲರ್ ಹೊಲಿಗೆ ಕೂಲಿ ಬಿಡುತ್ತಾನಾ? ಗಂಡಸು ಅಂಗಡಿ ಹಾಕಿ ಮಿಷನ್ ತುಳಿದರೆ ಅದು ಕೂಲಿ, ಹೆಂಗಸು ಜಗಲಿಯಲ್ಲಿ ಕೂತು ಕೈಯಲ್ಲಿ ಹೊಲಿದರೆ ಅದು ಉಪಕಾರ. ಹಳೇ ಬಟ್ಟೆ ಅಂದರೆ ಕೆಲಸ ಜಾಸ್ತಿಯೇ. ಎಲ್ಲಿ ಸವೆದಿದೆ, ಎಲ್ಲಿ ದಾರ ನಿಲ್ಲುವುದಿಲ್ಲ ಅಂತ ನೋಡಿ ನೋಡಿ ಹೊಲಿಯಬೇಕು.

ಎರಡು, 'ಮನೆಯಲ್ಲಿ ಖಾಲಿ ಕೂತಾಗ ಮಾಡೋದು ತಾನೆ?' ಯಾವ ಹಳ್ಳಿಯ ಹೆಂಗಸು ಖಾಲಿ ಕೂತಿರುತ್ತಾಳೆ, ತೋರಿಸಿ. ಅಡುಗೆ, ದನ, ನೀರು, ಕಳೆ ಮುಗಿಸಿ ಮಧ್ಯಾಹ್ನ ಒರಗುವ ಹೊತ್ತನ್ನು ಕದ್ದು ಹೊಲಿದದ್ದು ಅದು. ಮೊಮ್ಮಗುವಿಗೆ ಅಜ್ಜಿ ಹೊಲಿಯುವ ಕೌದಿಗೆ ಬೆಲೆ ಇಲ್ಲ, ಒಪ್ಪೋಣ. ಅದು ಅವಳ ಪ್ರೀತಿ. ಪರಿಚಯವೇ ಇಲ್ಲದವರ ಆರ್ಡರ್ ಬಂದ ಮೇಲೆ ಅದು ಕೆಲಸ. ಕೆಲಸಕ್ಕೆ ಕೂಲಿ.

ಮೂರು, 'ಅಂಗಡಿಯಲ್ಲಿ ರಜಾಯಿ ಇದಕ್ಕಿಂತ ಅಗ್ಗ.' ಹಾಗಾದರೆ ರಜಾಯಿಯನ್ನೇ ತಗೊಳ್ಳಿ, ಬೇಸರವಿಲ್ಲ. ಆದರೆ ಆ ರಜಾಯಿಯೊಳಗೆ ನಿಮ್ಮ ಅಮ್ಮನ ಸೀರೆ ಇರುವುದಿಲ್ಲ.

ಕೊಳ್ಳುವವರಿಗೆ ಬೆಲೆ ಗೊತ್ತಾಗುವುದಿಲ್ಲ ಅಂತಲ್ಲ. ಅದೇ ಗಾಂಧಿ ಬಜಾರಿನಲ್ಲಿ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ನಿಂತು ನೋಡಿ. ಹೂವಿನವರು ತಮ್ಮ ಕೈಯಲ್ಲೇ ಮೊಳ ಹಾಕುತ್ತಾರೆ, ತಾವೇ ದರ ಹೇಳುತ್ತಾರೆ. ಜನ ಗೊಣಗುತ್ತಲೇ ಕೊಳ್ಳುತ್ತಾರೆ. ನಾಳೆ ಬಾಡುವ ಹೂವಿಗೆ ಆ ಮಾತು ನಡೆಯುತ್ತದೆ. ಇಪ್ಪತ್ತು ವರ್ಷ ಹೊದೆಯುವ ಕೌದಿಗೆ ಯಾಕೆ ನಡೆಯಬಾರದು? ಹೂವಿನವರು ಬಾಯಿ ಬಿಟ್ಟು ದರ ಹೇಳುತ್ತಾರೆ, ನಮ್ಮ ಅಕ್ಕಂದಿರು ಹೇಳುವುದಿಲ್ಲ. ವ್ಯತ್ಯಾಸ ಇಷ್ಟೇ.

ಇನ್ನು ಆ ಬಜಾರಿಗೆ ಯಾರ ಹೆಸರಿದೆಯೋ ಅವರ ವಿಚಾರ. 1935ರಲ್ಲಿ ಗಾಂಧೀಜಿ ಅಖಿಲ ಭಾರತ ಚರಕಾ ಸಂಘದವರ ಮುಂದೆ ಇದೇ ಪ್ರಶ್ನೆ ಇಟ್ಟರು. ನೂಲುವ ಹೆಂಗಸಿಗೆ ಸಿಗುತ್ತಿದ್ದದ್ದು ಪುಡಿಗಾಸು. ಎಂಟು ಗಂಟೆ ನೂತರೆ ಎಂಟಾಣೆ ಸಿಗಬೇಕು ಅಂದರು. ಖಾದಿ ದುಬಾರಿಯಾಗುತ್ತದೆ, ಮಾರಾಟ ಬಿದ್ದುಹೋಗುತ್ತದೆ ಅಂತ ಹಲವರು ಹೆದರಿದರು. ಎಂಟಾಣೆ ಒಮ್ಮೆಗೇ ಕೊಡಲು ಆಗಲಿಲ್ಲ, ಆದರೆ ಕೂಲಿ ಏರಿತು. ಅಗ್ಗದ ಖಾದಿಯ ಹೊರೆಯನ್ನು ನೂಲುವವಳ ತಲೆ ಮೇಲೆ ಹಾಕಬಾರದು ಅನ್ನುವುದು ಅವರ ನಿಲುವು. ತೊಂಬತ್ತು ವರ್ಷದ ಮೇಲೆ ಅವರ ಹೆಸರಿನ ಬಜಾರಿನಲ್ಲೇ ನಾವು ತಲೆ ತಗ್ಗಿಸಿ 1,200 ತಂದಿದ್ದೇವೆ.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಣ್ಣುಮಕ್ಕಳ ಕವಂದಿಯನ್ನು ಕೇಳಿರಬಹುದು. ಅಂಚಿನಿಂದ ಶುರು ಮಾಡಿ ನಡುವಿಗೆ ಹೊಲಿದು ತರುತ್ತಾರೆ, ಮೂಲೆಗೆ 'ಫುಲ' ಅನ್ನುವ ಮಡಿಕೆ ಬಟ್ಟೆಯ ಹೂ ಕೂಡಿಸುತ್ತಾರೆ. ಅದನ್ನು ಅಮೆರಿಕದಲ್ಲಿ ಪ್ರದರ್ಶನಕ್ಕಿಟ್ಟು ಕಲೆ ಅಂತ ನೋಡಿದ್ದಾರೆ. ಊರಲ್ಲಿ ನಾವು ಅದನ್ನೇ ಹಳೇ ಬಟ್ಟೆ ಅನ್ನುತ್ತೇವೆ.

ಹಾಗಾದರೆ ನ್ಯಾಯದ ಬೆಲೆ ಎಷ್ಟು? ನಮ್ಮ ಸೂತ್ರ ಹೀಗಿದೆ.

ಮೊದಲು ಒಂದು ಚದರ ಅಡಿ ಹೊಲಿದು ಗಡಿಯಾರ ನೋಡಿ. ಅದನ್ನು ಕೌದಿಯ ಅಳತೆಗೆ ಗುಣಿಸಿ, ಒಗೆಯುವ, ಕತ್ತರಿಸುವ ಹೊತ್ತು ಸೇರಿಸಿ, ದಿನ ಎಷ್ಟು ಅಂತ ಬರೆಯಿರಿ. 2025-26ರ ಆ ನರೇಗಾ ಕೂಲಿಯ ಒಂದೂವರೆ ಪಟ್ಟು, ಅಂದರೆ ದಿನಕ್ಕೆ 555 ಹಿಡಿಯಿರಿ. ಯಾಕೆಂದರೆ ಇದು ಕಲಿತ ಕೆಲಸ. 8 ದಿನಕ್ಕೆ 4,440, ಸಾಮಾನಿಗೆ 300, ಒಟ್ಟು 4,740. ಪಾರ್ಸಲ್ ಖರ್ಚು ಕೊಳ್ಳುವವರದು. ಅರ್ಧ ದುಡ್ಡು ಮುಂಗಡ ಬಂದ ಮೇಲೇ ಕತ್ತರಿ ಹಿಡಿಯಿರಿ.

ಅಷ್ಟು ಕೊಡಲಾಗದವರೂ ಇರುತ್ತಾರೆ. ಪಿಂಚಣಿಯಲ್ಲಿ ಬದುಕುವವರು ಗಾಂಧಿ ಬಜಾರಿನಲ್ಲೂ ಇದ್ದಾರೆ. ಅವರಿಗೆ ದರ ಇಳಿಸಬೇಡಿ, ಕೆಲಸ ಇಳಿಸಿ. ಸಾಲು ಒಂದು ಇಂಚಿಗೊಂದು ಹಾಕಿ, ಇಲ್ಲವೇ ತೊಟ್ಟಿಲಿನ ಅಳತೆಗೆ ಹೊಲಿದುಕೊಡಿ. ಚಿಕ್ಕ ಕೌದಿಯಲ್ಲೂ ಅಮ್ಮನ ಸೀರೆ ಇರುತ್ತದೆ.

ನಮ್ಮಲ್ಲಿ ಹೆಚ್ಚಿನವರು ಸುದ್ದಿಗೆ ಇಷ್ಟು ಅಂತ ಕಾಸು ಪಡೆಯುವವರು. ಓಡಾಟದ ಪೆಟ್ರೋಲ್, ಕಾದ ಗಂಟೆ ಯಾರೂ ಎಣಿಸುವುದಿಲ್ಲ. ನಾವೂ ಎಷ್ಟೋ ಸಲ 'ಇರಲಿ ಬಿಡಿ' ಅಂದಿದ್ದೇವೆ. ಅದರ ಉರಿ ಗೊತ್ತಿದ್ದೂ ಅಕ್ಕನಿಗೆ ಅದನ್ನೇ ಮಾಡಿದೆವು. ಮಾತಾಗಿದ್ದಕ್ಕಿಂತ ಕಡಿಮೆಯಾದ 300 ರೂಪಾಯಿಯನ್ನು ನಮ್ಮ ಜೇಬಿನಿಂದ ಕೊಟ್ಟಿದ್ದೇವೆ. ಮೇಲಿನ ಲೆಕ್ಕವನ್ನು ದೊಡ್ಡ ಅಕ್ಷರದಲ್ಲಿ ಬರೆದು ಅವರ ಮನೆಯ ಗೋಡೆಗೆ ಅಂಟಿಸಿ ಬಂದಿದ್ದೇವೆ. ನಿಮ್ಮ ಮನೆಯಲ್ಲಿ ಕೌದಿ ಹೊಲಿಯುವವರಿದ್ದರೆ ಇವತ್ತೇ ಪಕ್ಕ ಕೂತು ಒಂದು ಚದರ ಅಡಿಗೆ ಟೈಮ್ ಇಡಿ. ಮುಂದಿನ ಆರ್ಡರಿನ ಫೋನ್ ಬಂದಾಗ ದರವನ್ನು ಅವರೇ ಹೇಳಲಿ.