ಹಾಲೆಂಡಿನಲ್ಲಿ ಮಗ ಕೊಂಡ ಮನೆ

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂಬ ಗಾದೆಯ ಎರಡು ಭಾಗಗಳನ್ನೂ ನಾನು ಅನುಭವಿಸಿದ್ದೇನೆ. 1994ರಲ್ಲಿ ಹಾಸನದಲ್ಲಿ ಮೂವತ್ತು-ನಲವತ್ತರ ನಿವೇಶನದಲ್ಲಿ ಮನೆ ಕಟ್ಟಿಸಿದಾಗ ಭವಿಷ್ಯನಿಧಿಯ ಸಾಲ, ಕೆ.ಜಿ.ಐ.ಡಿ. ಸಾಲ, ನನ್ನ ಶ್ರೀಮತಿಯವರ ಎರಡು ಜೊತೆ ಬಳೆ ಎಲ್ಲವೂ ಆ ಗೋಡೆಗಳೊಳಗೆ ಸೇರಿಹೋದವು. ಆದರೆ ಕಟ್ಟಿದ ಮನೆಯನ್ನು ಹರಾಜಿನಲ್ಲಿ ಕೂಗಿ ಕೊಳ್ಳುವ ಕಷ್ಟ ಎಂಥದ್ದೆಂಬುದು ನನಗೆ ತಿಳಿದಿರಲಿಲ್ಲ. 2025ರ ಬೇಸಿಗೆಯಲ್ಲಿ ಮಗ ಹಾಲೆಂಡಿನಲ್ಲಿ ಮನೆ ಕೊಂಡಾಗ ಅದೂ ತಿಳಿಯಿತು. ಅದರೊಂದಿಗೆ ನನ್ನ ನೆಮ್ಮದಿಯನ್ನು ಸ್ವಲ್ಪ ಕಲಕಿದ ಸಂಗತಿಯೊಂದೂ ತಿಳಿಯಿತು. ಅದನ್ನು ಹೇಳಬೇಕೆಂದೇ ಈ ಬರಹ.

ಮಗ ಮನೆ ಕೊಂಡ ಊರಿನ ಹೆಸರು ಹೋಫ್ಡಾರ್ಪ್. ಆಮ್‌ಸ್ಟರ್‌ಡ್ಯಾಮಿನ ನೈಋತ್ಯಕ್ಕೆ, ಸ್ಕಿಪೋಲ್ ವಿಮಾನ ನಿಲ್ದಾಣದ ಪಕ್ಕದಲ್ಲಿದೆ. ಸಮಾಜವಿಜ್ಞಾನದ ಮೇಷ್ಟ್ರಾಗಿ "ನೆದರ್ಲೆಂಡ್ಸ್ ಸಮುದ್ರಮಟ್ಟಕ್ಕಿಂತ ಕೆಳಗಿರುವ ದೇಶ" ಎಂದು ಮೂರು ದಶಕ ಪಾಠ ಹೇಳಿದವನು ನಾನು. ಆ ವಾಕ್ಯದ ಒಳಗೇ ನನ್ನ ಮೊಮ್ಮಗಳು ಆಟವಾಡುತ್ತಿರುವುದನ್ನು ಕಂಡಾಗ ವಿಚಿತ್ರವೆನಿಸಿತು. ಆ ಊರು ಇರುವುದು ಒಂದು ದೊಡ್ಡ ಸರೋವರದ ತಳದಲ್ಲಿ. ಹಾರ್ಲೆಮ್ಮರ್‌ಮೇರ್ ಎಂಬ ಆ ಸರೋವರ 1836ರ ಬಿರುಗಾಳಿಯಲ್ಲಿ ಉಕ್ಕಿ ಒಂದು ಕಡೆ ಆಮ್‌ಸ್ಟರ್‌ಡ್ಯಾಮಿನ ಬಾಗಿಲಿಗೂ ಇನ್ನೊಂದು ಕಡೆ ಲೈಡನ್ ಪಟ್ಟಣಕ್ಕೂ ನೀರು ನುಗ್ಗಿಸಿತಂತೆ. ಆ ಬಳಿಕ ಸುತ್ತ ಕಾಲುವೆ ತೋಡಿ, ಮೂರು ಭಾರೀ ಉಗಿಯಂತ್ರಗಳಿಂದ ಮೂರು ವರ್ಷಕ್ಕೂ ಮಿಕ್ಕಿ ನೀರೆತ್ತಿ, 1852ರಲ್ಲಿ ಸುಮಾರು 18,000 ಹೆಕ್ಟೇರ್ ನೆಲವನ್ನು ಹೊರತೆಗೆದರು. ಮಗನ ಮನೆಯ ನೆಲ ಸಮುದ್ರಮಟ್ಟಕ್ಕಿಂತ ಸುಮಾರು ನಾಲ್ಕು ಮೀಟರ್ ಕೆಳಗಿದೆ. ಇಂದಿಗೂ ಪಂಪುಗಳು ನಿಂತರೆ ನೀರು ಮರಳಿ ಬರುತ್ತದೆ. ಆದ್ದರಿಂದ ಪ್ರತಿ ಮನೆಯವರೂ ನಗರಸಭೆಯ ಕಂದಾಯವಲ್ಲದೆ ಜಲಮಂಡಳಿಗೆ ಪ್ರತ್ಯೇಕ ತೆರಿಗೆ ತೆರುತ್ತಾರೆ. ರೈನ್‌ಲ್ಯಾಂಡ್ ಎಂಬ ಆ ಭಾಗದ ಜಲಮಂಡಳಿಗೆ 13ನೆಯ ಶತಮಾನದಿಂದಲೂ ಇತಿಹಾಸವಿದೆ. ಅದಕ್ಕೆ ನಾಲ್ಕು ವರ್ಷಕ್ಕೊಮ್ಮೆ ಚುನಾವಣೆಯೂ ಉಂಟು.

ನಾವೂ ಕೆರೆಯಂಗಳದಲ್ಲಿ ವಾಸಿಸುವವರೇ. ಬೆಂಗಳೂರಿನ ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. ವ್ಯತ್ಯಾಸವೆಂದರೆ, ಅವರು ನೀರಿನೊಂದಿಗೆ ಲೆಕ್ಕ ಇಟ್ಟುಕೊಂಡು ವರ್ಷವರ್ಷವೂ ಬಾಕಿ ತೀರಿಸುತ್ತಾರೆ. ನಾವು ನುಂಗಿ ಮರೆತುಬಿಡುತ್ತೇವೆ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವದ ಬಡಾವಣೆಗಳಲ್ಲಿ ಕೋಟ್ಯಧೀಶರು ಟ್ರ್ಯಾಕ್ಟರ್ ಏರಿ ಹೊರಬಂದದ್ದು ಆ ಮರೆವಿನ ಫಲ.

ಇನ್ನು ಖರೀದಿಯ ಕ್ರಮ. ಅಲ್ಲಿ ಮಾರುವವರು ಒಂದು ಬೆಲೆ ಹೇಳುತ್ತಾರೆ. ಅದು ಕೇವಲ ಆಹ್ವಾನ. ಆಸಕ್ತರು ಒಂದು ದಿನದ ಗಡುವಿನೊಳಗೆ ತಮ್ಮ ತಮ್ಮ ಬೆಲೆಯನ್ನು ತಿಳಿಸಬೇಕು. ಒಬ್ಬರ ಬೆಲೆ ಇನ್ನೊಬ್ಬರಿಗೆ ಗೊತ್ತಾಗದು. ಹೀಗೆ ಮಗ-ಸೊಸೆ ಐದು ಮನೆಗಳನ್ನು ಕಳೆದುಕೊಂಡರು. ಆರನೆಯದು ಸಾಲುಮನೆ, ಎರಡೂ ಪಕ್ಕದ ಗೋಡೆ ನೆರೆಯವರೊಂದಿಗೆ ಹಂಚಿಕೊಂಡದ್ದು. ಹೇಳಿದ ಬೆಲೆ 5,25,000 ಯೂರೋ, ಇವರು ಕೂಗಿದ್ದು 5,62,000. ಅಲ್ಲಿಯ ಬ್ಯಾಂಕು ಮನೆಯ ಮೌಲ್ಯದ ಪೂರ್ತಿ ಮೊತ್ತಕ್ಕೂ ಸಾಲ ಕೊಡಬಹುದು, ಆದರೆ ಮೌಲ್ಯಮಾಪಕರು ನಿಗದಿ ಮಾಡಿದ ಮೌಲ್ಯಕ್ಕಿಂತ ಹೆಚ್ಚಿನದ್ದು ಕೈಯಿಂದಲೇ ಹೋಗಬೇಕು. ಮೌಲ್ಯ 5,50,000 ಎಂದಾಯಿತು. ಉಳಿದ 12,000, ಅದರ ಮೇಲೆ ಶೇಕಡಾ 2ರಂತೆ 11,240 ಯೂರೋ ವರ್ಗಾವಣೆ ತೆರಿಗೆ, ನೋಟರಿಯ ಖರ್ಚು ಎಲ್ಲ ಉಳಿತಾಯದಿಂದ ಹೋಯಿತು.

ನಾನು ಮೆಚ್ಚಿದ ಸಂಗತಿಗಳು ಅನೇಕ. ಕರಾರಿಗೆ ಸಹಿ ಹಾಕಿದ ಮೇಲೂ ಕೊಳ್ಳುವವನಿಗೆ ಮನಸ್ಸು ಬದಲಿಸಲು ಮೂರು ದಿನಗಳ ಕಾಲಾವಕಾಶ ಕಾನೂನಿನಲ್ಲೇ ಇದೆ. ಮಾರಾಟವಾದ ಬೆಲೆ ಭೂದಾಖಲೆ ಕಚೇರಿಯಲ್ಲಿ ದಾಖಲಾಗುತ್ತದೆ, ಸಣ್ಣ ಶುಲ್ಕ ಕೊಟ್ಟು ಯಾರು ಬೇಕಾದರೂ ನೋಡಬಹುದು. "ಪತ್ರದಲ್ಲಿ ಎಷ್ಟು, ಕೈಯಲ್ಲಿ ಎಷ್ಟು?" ಎಂದು ನಾನು ಅಭ್ಯಾಸಬಲದಿಂದ ಕೇಳಿದೆ. ಮಗ ನಕ್ಕು, "ಇಲ್ಲಿ ಎಲ್ಲವೂ ಪತ್ರದಲ್ಲೇ ಅಪ್ಪ" ಎಂದ. ನನಗೆ ನಾಚಿಕೆಯಾಯಿತು.

ವಾಸ್ತುವಿನ ವಿಷಯದಲ್ಲಿ ಮಾತ್ರ ನನ್ನ ಶ್ರೀಮತಿಯವರಿಗೆ ಆತಂಕವಿತ್ತು. ಹಿತ್ತಿಲು ದಕ್ಷಿಣಕ್ಕೆ. ನಮ್ಮಲ್ಲಿ ಅನೇಕರು ದಕ್ಷಿಣವೆಂದರೆ ಹಿಂಜರಿದರೆ, ಅಲ್ಲಿ ದಕ್ಷಿಣದ ಹಿತ್ತಿಲಿಗೆ ಹೆಚ್ಚು ಬೆಲೆ. ಉತ್ತರದ ಆ ನಾಡಿನಲ್ಲಿ ಬಿಸಿಲು ಬರುವುದೇ ಆ ದಿಕ್ಕಿನಿಂದ. ಸೂರ್ಯನೇ ಆಚೆಗಿರುವಾಗ ಶಾಸ್ತ್ರವೂ ಸ್ವಲ್ಪ ತಿರುಗಿ ಕೂರಬೇಕಲ್ಲವೇ? ಗೃಹಪ್ರವೇಶಕ್ಕೆ ಹೋಮ ಮಾಡುವಂತಿರಲಿಲ್ಲ. ಪ್ರತಿ ಅಂತಸ್ತಿಗೂ ಹೊಗೆ ಪತ್ತೆಹಚ್ಚುವ ಯಂತ್ರ 2022ರಿಂದ ಕಡ್ಡಾಯ. ಅಡುಗೆಗೆ ಅನಿಲವೂ ಇಲ್ಲ, ವಿದ್ಯುತ್ ಒಲೆ. ಅದರ ಮೇಲೆಯೇ ಹಾಲು ಉಕ್ಕಿಸಿದೆವು. ಉಕ್ಕಿದ ಹಾಲು ಒಲೆಗೆ ತಾಗಿದ್ದೇ ತಡ, ಅದು ಕೀ ಕೀ ಎಂದು ಕೂಗಿ ತಾನೇ ಆರಿಹೋಯಿತು. ಮೊಮ್ಮಗಳು ಚಪ್ಪಾಳೆ ತಟ್ಟಿದಳು.

ಆ ದಿನ ಪಕ್ಕದ ಮನೆಯಾಕೆಯನ್ನು ಪಾಯಸಕ್ಕೆ ಕರೆದಿದ್ದೆವು. ಆಕೆಯೂ ನಿವೃತ್ತ ಶಿಕ್ಷಕಿ. ಇಬ್ಬರೂ ಇಂಗ್ಲಿಷಿನಲ್ಲಿ ಶಾಲೆ, ಮಕ್ಕಳು, ತಿದ್ದಿದ ಉತ್ತರಪತ್ರಿಕೆಗಳ ರಾಶಿ ಎಂದು ಹರಟಿದೆವು. ಮಾತಿನ ನಡುವೆ ಆಕೆ ತೀರ ಸಹಜವಾಗಿ ಹೇಳಿದರು: ಈ ಮನೆಗೆ ಅವರ ಮಗಳೂ ಬೆಲೆ ಹೇಳಿದ್ದಳಂತೆ. ಮಗಳು ಪ್ರಾಥಮಿಕ ಶಾಲೆಯ ಶಿಕ್ಷಕಿ. ತಾಯಿಯ ಪಕ್ಕದಲ್ಲಿರಬೇಕೆಂಬ ಆಸೆ. ಅವಳೂ ಅವಳ ಸಂಗಾತಿಯೂ ಸೇರಿ ಕೂಡಿಸಬಹುದಾದದ್ದು 5,30,000 ಮಾತ್ರ. ಈಗ ದೂರದ ಲೇಲಿಸ್ಟಾಡಿನಲ್ಲಿ ಮನೆ ಹುಡುಕುತ್ತಿದ್ದಾರೆ. ಆಕೆಯ ಮಾತಿನಲ್ಲಿ ಕೋಪವಿರಲಿಲ್ಲ. ಪಾಯಸ ಚೆನ್ನಾಗಿದೆಯೆಂದು ಎರಡನೆಯ ಸಲ ಬಡಿಸಿಕೊಂಡರು. ನನಗೆ ಮಾತ್ರ ಅನಂತರ ಗಂಟಲಲ್ಲಿ ಇಳಿಯಲಿಲ್ಲ.

ಹಾಸನದಲ್ಲಿ ಕುಳಿತು ನಾನು ಎಷ್ಟು ಬಾರಿ ಗೊಣಗಿದ್ದೇನೆ! ಬೆಂಗಳೂರಿನ ದುಡ್ಡು ಬಂದು ನಮ್ಮ ನಿವೇಶನಗಳ ಬೆಲೆ ಏರಿತು, ನಮ್ಮೂರ ಹುಡುಗ ನಮ್ಮೂರಲ್ಲೇ ಮನೆ ಕಟ್ಟಲಾರ ಎಂದು. ಬೆಂಗಳೂರಿನವರು ಹೊರಗಿನಿಂದ ಬಂದವರ ಬಗ್ಗೆ ಅದನ್ನೇ ಹೇಳುತ್ತಾರೆ. ಹೋಫ್ಡಾರ್ಪಿನಲ್ಲಿ ಆ ಹೊರಗಿನವನು ನನ್ನ ಮಗ. ಹೊರದೇಶದಿಂದ ಬಂದ ಪರಿಣತ ನೌಕರರಿಗೆ ಸಂಬಳದ ಶೇಕಡಾ 30ರವರೆಗಿನ ಭಾಗಕ್ಕೆ ಕೆಲವು ವರ್ಷ ತೆರಿಗೆಯಿಲ್ಲದ ಸೌಲಭ್ಯ ಅಲ್ಲಿದೆ, ಮಗನಿಗೂ ಅದು ಸಿಕ್ಕಿದೆ. ಅದೇ ಬೀದಿಯ ಶಿಕ್ಷಕಿಗೆ ಅದಿಲ್ಲ.

ಹಾಗೆಂದು ಮಗ ತಪ್ಪು ಮಾಡಿದನೆಂದು ನಾನು ಹೇಳಲಾರೆ. ಅವನು ನಿಯಮದಂತೆ ಕೊಂಡ, ಬಿಳಿಯ ಹಣದಲ್ಲಿ ಕೊಂಡ, ಸ್ವಂತ ವಾಸಕ್ಕೆ ಕೊಂಡ. ಕೊರತೆಯ ಮೂಲ ಬೇರೆಡೆ ಇದೆ. ಆ ದೇಶಕ್ಕೆ ಸುಮಾರು 4 ಲಕ್ಷ ಮನೆಗಳ ಕೊರತೆಯಿದೆಯೆಂದು ಸರ್ಕಾರದ ಅಂದಾಜೇ ಹೇಳುತ್ತದೆ. ಕುಟುಂಬಗಳು ಚಿಕ್ಕವಾಗಿ ಮನೆಗಳ ಬೇಡಿಕೆ ಹೆಚ್ಚಿತು. ಸಾರಜನಕ ಮಾಲಿನ್ಯದ ಬಗ್ಗೆ 2019ರಲ್ಲಿ ಬಂದ ನ್ಯಾಯಾಲಯದ ತೀರ್ಪಿನಿಂದ ಅನೇಕ ಕಟ್ಟಡ ಯೋಜನೆಗಳು ತಡೆಹಿಡಿಯಲ್ಪಟ್ಟವು. ಗೃಹಸಾಲದ ಬಡ್ಡಿಗೆ ಕೊಡುವ ತೆರಿಗೆ ವಿನಾಯಿತಿ ಕೊಳ್ಳುವವರ ಕೈ ಬಲಪಡಿಸುವಂತೆ ಕಂಡರೂ ಬೆಲೆಯನ್ನೂ ಏರಿಸಿತು. 2021ರ ಶರತ್ಕಾಲದಲ್ಲಿ ಆಮ್‌ಸ್ಟರ್‌ಡ್ಯಾಮ್, ರಾಟರ್‌ಡ್ಯಾಮ್ ನಗರಗಳಲ್ಲಿ ಸಾವಿರಾರು ಜನ ವಸತಿಗಾಗಿ ಬೀದಿಗಿಳಿದದ್ದು ಇದಕ್ಕಾಗಿಯೇ. 1901ರಲ್ಲೇ ವಸತಿ ಕಾಯಿದೆ ತಂದು ಬಡವರಿಗೆ ಗೌರವದ ಮನೆ ಕಟ್ಟಿಕೊಟ್ಟ ದೇಶ ಇಂದು ಮಧ್ಯಮವರ್ಗದ ಶಿಕ್ಷಕಿಗೆ ಉತ್ತರ ಹೇಳಲು ತಡವರಿಸುತ್ತಿದೆ. ಪರದೇಶದ ಇಂಜಿನಿಯರನ್ನು ರಿಯಾಯಿತಿ ಕೊಟ್ಟು ಕರೆಯುವ ಸರ್ಕಾರಕ್ಕೆ, ಅವನ ಮಗುವಿಗೆ ಪಾಠ ಹೇಳುವವಳಿಗೂ ಅದೇ ಊರಿನಲ್ಲಿ ನೆಲೆ ಒದಗಿಸುವ ಹೊಣೆಯಿದೆ ಎಂಬುದು ನನ್ನ ಅಭಿಪ್ರಾಯ.

ಇದು ಬರಿಯ ಕರುಣೆಯ ಮಾತಲ್ಲ. ಆಮ್‌ಸ್ಟರ್‌ಡ್ಯಾಮ್ ಮೊದಲಾದ ದೊಡ್ಡ ನಗರಗಳ ಶಾಲೆಗಳಲ್ಲಿ ಶಿಕ್ಷಕರ ತೀವ್ರ ಕೊರತೆಯಿದೆ. ಸಂಬಳದಲ್ಲಿ ಹತ್ತಿರದಲ್ಲಿ ಮನೆ ದೊರೆಯದಿದ್ದರೆ ಶಿಕ್ಷಕರು ಮನೆ ಸಿಗುವ ಊರಿನಲ್ಲೇ ಕೆಲಸ ಹುಡುಕುತ್ತಾರೆ. ನಾಳೆ ನನ್ನ ಮೊಮ್ಮಗಳ ತರಗತಿಯಲ್ಲಿ ಮೇಜಿನ ಹಿಂದೆ ಯಾರೂ ಇಲ್ಲದಿದ್ದರೆ, ಅದಕ್ಕೆ ಕಾರಣವಾದ ಲೆಕ್ಕದಲ್ಲಿ ನಮ್ಮ 37,000 ಯೂರೋ ಹೆಚ್ಚುವರಿಯೂ ಒಂದು ಸಾಲಾಗಿರುತ್ತದೆ. ಬೆಂಗಳೂರಿನ ಸರ್ಕಾರಿ ಶಾಲೆಗೆ ತುಮಕೂರಿನಿಂದ ದಿನವೂ ರೈಲಿನಲ್ಲಿ ಓಡಾಡಿದ ನನ್ನ ಸಹೋದ್ಯೋಗಿಗಳಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ.

ಹಾಗಾದರೆ ಕೊಂಡವನ ಕರ್ತವ್ಯವೇನು? ಮನೆಯನ್ನು ಹಿಂದಿರುಗಿಸಲಾಗದು. ಆದರೆ ನೆರೆಯವನಾಗಬಹುದು. ನಾನು ಹೊರಡುವ ಮುನ್ನ ಮಗನಿಗೆ ಮೂರು ಮಾತು ಹೇಳಿದೆ. ಮೊದಲನೆಯದು, ಡಚ್ ಭಾಷೆಯನ್ನು ಸರಿಯಾಗಿ ಕಲಿ. ಆಫೀಸಿಗೆ ಇಂಗ್ಲಿಷ್ ಸಾಕು, ಬೇಲಿಯಾಚೆಯ ಮಾತಿಗೆ ಸಾಲದು. ಕನ್ನಡ ಕಲಿಯದೆ ಇಪ್ಪತ್ತು ವರ್ಷ ಬೆಂಗಳೂರಿನಲ್ಲಿದ್ದವರ ಬಗ್ಗೆ ನಾವು ಏನೆನ್ನುತ್ತೇವೆಂಬುದು ನಿನಗೆ ಗೊತ್ತು. ಎರಡನೆಯದು, ಈ ಮನೆಯನ್ನು ನಾಳೆ ಬಾಡಿಗೆಗೆ ಬಿಟ್ಟು ಇನ್ನೊಂದು ಕೊಳ್ಳುವ ಯೋಚನೆ ಬೇಡ. ಮೂರನೆಯದು, ಪಕ್ಕದಾಕೆಯ ಮಗಳು ಅಲ್ಲಿಲ್ಲ, ಆ ಜಾಗದಲ್ಲಿ ನೀನಿದ್ದೀಯೆ. ಮಳೆಗಾಲದಲ್ಲಿ ಆಕೆಯ ಮಾಡಿನ ದೋಣಿಯಲ್ಲಿ ಎಲೆ ಕಟ್ಟಿಕೊಂಡರೆ ಏಣಿ ಹತ್ತಬೇಕಾದವನು ನೀನು.

ಅವನು ವಾದ ಮಾಡಲಿಲ್ಲ. "ಆಯಿತಪ್ಪ" ಎಂದಷ್ಟೇ ಹೇಳಿದ. ಕಳೆದ ನವೆಂಬರಿನಲ್ಲಿ ಫೋನು ಮಾಡಿದಾಗ ಏದುಸಿರು ಬಿಡುತ್ತಿದ್ದ. ಏನೆಂದು ಕೇಳಿದೆ. ಏಣಿಯಿಂದ ಆಗತಾನೆ ಇಳಿದನಂತೆ.