ನಮ್ಮ ಸುದ್ದಿ ಯಾರು ಹಾಕಬೇಕು?

ಕಂಗ್ಟಿ, ನಾರಾಯಣಖೇಡ ಭಾಗದ ಕನ್ನಡ ಬಂಧುಗಳೇ,

1956ರ ತನಕ ನಾವು ಬೀದರ ಜಿಲ್ಲೆಯವರು. ರಾಜ್ಯಗಳ ಗೆರೆ ಎಳೆದಾಗ ಆಚೆ ಬಿದ್ದೆವು. ಈಗ ಟಿವಿಯಲ್ಲೂ ಅದೇ ಹಾಡು. ಹೈದರಾಬಾದಿನ ಚಾನೆಲ್‌ಗಳಿಗೆ ನಾವು ಕನ್ನಡದವರು, ಬೆಂಗಳೂರಿನ ಚಾನೆಲ್‌ಗಳಿಗೆ ತೆಲಂಗಾಣದವರು.

2006ರಲ್ಲಿ ಟಿವಿ9 ಬಂದ ಮ್ಯಾಲ ಕನ್ನಡದಲ್ಲಿ 24 ತಾಸಿನ ಸುದ್ದಿ ಚಾನೆಲ್‌ಗಳು ಒಂದರ ಹಿಂದೊಂದು ಬಂದವು. ನಮಗೂ ಖುಷಿ ಆಗಿತ್ತು. ಆದರೆ ಇವತ್ತು ಆ 24 ತಾಸಿನಾಗ ಜ್ಯೋತಿಷ್ಯಕ್ಕೆ ಜಾಗ ಅದ, ಸಿನಿಮಾದವರ ಮನೆ ಜಗಳಕ್ಕೆ ಜಾಗ ಅದ, ನಾಲ್ಕು ಮಂದಿ ಕೂಡಿ ಚೀರಾಡೋದಕ್ಕೂ ಅದ. ಗಡಿಯಾಚೆ ಕನ್ನಡ ಶಾಲಿಗೆ ಮಾಸ್ತರ ಇದ್ದಾರೋ ಇಲ್ಲೋ ಕೇಳಲಿಕ್ಕೆ ಎರಡು ನಿಮಿಷ ಇಲ್ಲ.

ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ಅನುಕೂಲ ಮಾಡಿಕೊಡಬೇಕು ಅಂತ ಸಂವಿಧಾನದ 350ಎ ವಿಧಿ ಹೇಳ್ತದ. ಕೇಳೋರು ಇಲ್ಲದಿದ್ದರ ಅದು ಕಾಗದದ ಮ್ಯಾಲೇ ಉಳೀತದ. ಸುದ್ದಿ ಆಗದ ಶಾಲೆ ಸದ್ದಿಲ್ಲದೆ ಮುಚ್ಚತದ.

ಚಾನೆಲ್‌ನವರೇ, ಔರಾದ ತನಕ ಬರ್ತೀರಿ, ಮಗ್ಗಲಿನ ಕಂಗ್ಟಿಗೂ ಬರ್ರಿ. ನವೆಂಬರ್ 1ಕ್ಕೆ 'ಗಡಿನಾಡ ಕನ್ನಡಿಗರು' ಅಂತ ಹೊಗಳೋದು ಸಾಕು. ಶಾಲೆ ಶುರುವಾಗೋ ಜೂನ್‌ನಾಗ ಕ್ಯಾಮೆರಾ ತಗೊಂಡು ಬರ್ರಿ.

ಬಂಧುಗಳೇ, ಇದನ್ನು ಬೀದರಿನ ವರದಿಗಾರರಿಗೆಲ್ಲ ಮುಟ್ಟಿಸಿರಿ.